ಡಾ. ಎಂ. ಆರ್. ಶ್ರೀನಿವಾಸನ್ ಮತ್ತು ನಮ್ಮ ಸೀಮೆಯ ಕರೆಂಟು



2025ರ ಮೇ 21, ಬುಧವಾರ. ಶುಕ್ರವಾರಗಳಂದು ಕಾಲಿಡಲು ಜಾಗವಿಲ್ಲದಷ್ಟು ಭಕ್ತಾದಿಗಳಿಂದ ತುಂಬಿರುವ ನಮ್ಮ ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನದ ಬೀದಿ ಅಂದು ನಿರಾಳವಾಗಿತ್ತು. ಮನೆಯ ಜಗುಲಿಯ ಮೇಲೆ ಕುಳಿತು ಪತ್ರಿಕೆ ಬಿಡಿಸಿದಾಗ ಒಂದು ನಿಧನವಾರ್ತೆ ಕಣ್ಣಿಗೆ ಬಿತ್ತು. ಪರಮಾಣು ಶಕ್ತಿ ಆಯೋಗದ ಮಾಜಿ ಅಧ್ಯಕ್ಷ ಡಾ. ಎಂ. ಆರ್. ಶ್ರೀನಿವಾಸನ್ ಅವರು ಹಿಂದಿನ ದಿನ ಉದಕಮಂಡಲದಲ್ಲಿ ತೀರಿಕೊಂಡಿದ್ದರು. ಅವರಿಗೆ 95 ವರ್ಷ ವಯಸ್ಸಾಗಿತ್ತು. ಎದುರುಮನೆಯ ಪದವೀಧರ ಹುಡುಗನನ್ನು ಕರೆದು, ‘ಇವರು ಯಾರೆಂದು ಗೊತ್ತೇನಪ್ಪ?’ ಎಂದು ಕೇಳಿದೆ. ಆತ ಚಿತ್ರವನ್ನು ನೋಡಿ, ‘ಯಾರೋ ದೊಡ್ಡ ಸಾಹೇಬ್ರು ಇರ್ಬೇಕು ಸಾರ್’ ಎಂದು ನಕ್ಕು ಹೊರಟುಹೋದ.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನನ್ನ ಮೇಲೆಯೇ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಪಾಠ ಹೇಳಿದವನು ನಾನು. ‘ಶಕ್ತಿಯ ಮೂಲಗಳು’ ಎಂಬ ಪಾಠವನ್ನು ಪ್ರತಿವರ್ಷವೂ ತಪ್ಪದೆ ಮಾಡಿದ್ದೇನೆ. ಹೋಮಿ ಭಾಭಾ ಅವರ ಹೆಸರು ಹೇಳುತ್ತಿದ್ದೆ, ಏಕೆಂದರೆ ಅದು ಪಠ್ಯದಲ್ಲಿತ್ತು. ಭಾಭಾ ಅವರ ಜೊತೆಗೇ ದುಡಿದು, ಅವರ ಮರಣಾನಂತರ ಆ ಕೆಲಸವನ್ನು ದಶಕಗಳ ಕಾಲ ಹೊತ್ತು ನಡೆಸಿದ ಕನ್ನಡ ನಾಡಿನ ಈ ಎಂಜಿನಿಯರ್ ಅಧಿಕಾರಿಯ ಹೆಸರನ್ನು ಬಹುಶಃ ಎರಡೋ ಮೂರೋ ಬಾರಿ ಹೇಳಿದ್ದೇನು. ಆ ಲೋಪವನ್ನು ಈಗಲಾದರೂ ತುಂಬೋಣವೆಂದು ಈ ಬರಹಕ್ಕೆ ಕುಳಿತಿದ್ದೇನೆ. ಆದರೆ ಇದು ಕೇವಲ ಗುಣಗಾನವಲ್ಲ. ಅವರ ವೃತ್ತಿಜೀವನವನ್ನು ನೆನೆಯುತ್ತ ನನ್ನ ಮನಸ್ಸಿನಲ್ಲಿ ಎದ್ದಿರುವ, ನಮ್ಮ ಪಾವಗಡದ ಬಯಲಿಗೂ ಸಂಬಂಧಿಸಿದ ಪ್ರಶ್ನೆಯೊಂದನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಕರೆಂಟಿನ ವಿಷಯ. ನಮ್ಮ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ವರ್ಷದ ಬಹುಪಾಲು ಮರಳೇ. ಮಧುಗಿರಿ, ಪಾವಗಡದ ಕಡೆಯ ರೈತನಿಗೆ ಕೊಳವೆಬಾವಿಯೇ ನದಿ, ಕರೆಂಟೇ ಮಳೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಬೆಳಗಿನ ಮೊದಲನೆಯ ಪಿರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಎಬ್ಬಿಸಿ ನಿಲ್ಲಿಸಿ ಗದರಿದೆ. ಅವನು ತಲೆ ತಗ್ಗಿಸಿ, ‘ರಾತ್ರಿ ಮೋಟ್ರು ಹಾಕಕ್ಕೆ ಹೋಗಿದ್ದೆ ಸಾ, ತ್ರೀಫೇಸ್ ಬಂದಿದ್ದು ಎಲ್ಡು ಗಂಟೆಗೆ’ ಎಂದ. ಕತ್ತಲಲ್ಲಿ ತೋಟಕ್ಕೆ ಹೋಗಿ, ಹಾವು ಚೇಳುಗಳ ಭಯದಲ್ಲಿ ನೀರು ತಿರುಗಿಸಿ, ಬೆಳಕು ಹರಿಯುವಾಗ ಬಂದು ಶಾಲೆಗೆ ನಡೆದಿದ್ದ ಹುಡುಗ ಅವನು. ಅನಂತರ ಅವನು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ: ‘ರಾತ್ರಿನೇ ಕೊಡಬೇಕು ಅಂತ ಯಾರು ಸಾ ಬರೆದಿರದು?’

ಹಗಲಿನಲ್ಲಿ ಕಾರ್ಖಾನೆ, ಕಚೇರಿಗಳಿಗೆ ಬೇಡಿಕೆ ಹೆಚ್ಚು, ಆದುದರಿಂದ ಪಂಪ್‌ಸೆಟ್ಟಿಗೆ ರಾತ್ರಿ ಎಂದು ವಿವರಿಸಿದೆ. ಅವನು ಕೇಳಿದ್ದು ಕಾರಣವನ್ನಲ್ಲ, ಯಾರು ಎಂದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಳ್ಳಿಯವರ ಮನಸ್ಸಿನಲ್ಲಿ ಸರ್ಕಾರವೆಂದರೆ ತಹಶೀಲ್ದಾರರು, ಜಿಲ್ಲಾಧಿಕಾರಿಗಳು, ಹೆಚ್ಚೆಂದರೆ ಶಾಸಕರು. ಕರೆಂಟು ಎಂದರೆ ಲೈನ್‌ಮನ್. ದೇಶದ ಶಕ್ತಿ ಎಲ್ಲಿಂದ ಬರಬೇಕು, ಯಾರಿಗೆ ಎಷ್ಟು, ಯಾವ ದರಕ್ಕೆ ಎಂದು ತೀರ್ಮಾನಿಸುವ ಹಿರಿಯ ಅಧಿಕಾರಿ ನಮಗೆ ಎಂದೂ ಕಾಣುವುದಿಲ್ಲ. ಶ್ರೀನಿವಾಸನ್ ಅವರು ಅಂಥ ಅಧಿಕಾರಿಗಳಲ್ಲಿ ಒಬ್ಬರು.

ಅವರು ಹುಟ್ಟಿದ್ದು 1930ರ ಜನವರಿ 5ರಂದು, ಬೆಂಗಳೂರಿನಲ್ಲಿ. ಪೂರ್ತಿ ಹೆಸರು ಮಾಲೂರು ರಾಮಸ್ವಾಮಿ ಶ್ರೀನಿವಾಸನ್. ಎಂಟು ಮಕ್ಕಳಲ್ಲಿ ಮೂರನೆಯವರು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಆರಿಸಿಕೊಂಡ ಭಾಷೆಗಳು ಸಂಸ್ಕೃತ ಮತ್ತು ಇಂಗ್ಲಿಷ್. ಅನಂತರ ಸರ್ ಎಂ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1950ರಲ್ಲಿ ಮೆಕ್ಯಾನಿಕಲ್ ಪದವಿ. ಅಲ್ಲಿಂದ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1954ರಲ್ಲಿ ಡಾಕ್ಟರೇಟ್ ಪಡೆದರು. ಅವರ ವಿಶೇಷ ಅಧ್ಯಯನ ಅಣುವಿನದಲ್ಲ, ಗ್ಯಾಸ್ ಟರ್ಬೈನ್ ತಂತ್ರಜ್ಞಾನದ್ದು. 1955ರ ಸೆಪ್ಟೆಂಬರಿನಲ್ಲಿ ಪರಮಾಣು ಶಕ್ತಿ ಇಲಾಖೆಯನ್ನು ಸೇರಿದಾಗ ಅವರಿಗೆ ಇಪ್ಪತ್ತೈದು ವರ್ಷ. ಮರುವರ್ಷದ ಆಗಸ್ಟ್ ತಿಂಗಳಲ್ಲಿ ಟ್ರಾಂಬೆಯ ‘ಅಪ್ಸರಾ’ ರಿಯಾಕ್ಟರ್ ಚಾಲನೆಗೊಂಡಿತು. ಅದು ಏಷ್ಯಾದಲ್ಲೇ ಮೊದಲನೆಯದು. ಆ ಕೆಲಸದಲ್ಲಿ ಭಾಭಾ ಅವರ ಜೊತೆಗಿದ್ದ ತರುಣ ಎಂಜಿನಿಯರುಗಳಲ್ಲಿ ಇವರೂ ಒಬ್ಬರು.

ಮುಂದಿನ ಮೂರು ದಶಕಗಳು ಒಂದೇ ಗೆರೆಯಲ್ಲಿ ಸಾಗುತ್ತವೆ. 1959ರಲ್ಲಿ ದೇಶದ ಮೊದಲ ಅಣುವಿದ್ಯುತ್ ಸ್ಥಾವರದ ಯೋಜನಾ ಎಂಜಿನಿಯರ್, 1967ರಲ್ಲಿ ಮದರಾಸಿನ ಬಳಿಯ ಕಲ್ಪಾಕ್ಕಂ ಸ್ಥಾವರದ ಮುಖ್ಯ ಯೋಜನಾ ಎಂಜಿನಿಯರ್, 1974ರಲ್ಲಿ ಇಲಾಖೆಯ ವಿದ್ಯುತ್ ಯೋಜನೆಗಳ ಎಂಜಿನಿಯರಿಂಗ್ ವಿಭಾಗದ ನಿರ್ದೇಶಕ, 1984ರಲ್ಲಿ ಪರಮಾಣು ವಿದ್ಯುತ್ ಮಂಡಳಿಯ ಅಧ್ಯಕ್ಷ. 1987ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆ ಮತ್ತು ಇಲಾಖೆಯ ಕಾರ್ಯದರ್ಶಿ ಹುದ್ದೆ ಎರಡೂ ಅವರ ಪಾಲಿಗೆ ಬಂದವು. ಅವರಿಗೆ ಮುಂಚೆ ಆ ಪೀಠದಲ್ಲಿ ಕುಳಿತಿದ್ದವರು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾರಾಮಣ್ಣ. ಅದೇ 1987ರಲ್ಲಿ ಪರಮಾಣು ವಿದ್ಯುತ್ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಶ್ರೀನಿವಾಸನ್ ಅವರೇ. 1990ರಲ್ಲಿ ನಿವೃತ್ತಿ. ಲೆಕ್ಕ ಹಾಕಿ ನೋಡಿ: 1955ರಿಂದ 1990ರವರೆಗೆ ಮೂವತ್ತೈದು ವರ್ಷ, ಒಂದೇ ಇಲಾಖೆ, ಒಂದೇ ಕೆಲಸ.

ಈ ‘ಒಂದೇ ಕೆಲಸ’ ಎಂಬುದರ ಬೆಲೆ ತಿಳಿಯಬೇಕಾದರೆ 1974ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಮೇ 18ರಂದು ಪೋಖ್ರಾನಿನಲ್ಲಿ ಅಣುಸ್ಫೋಟ ಪ್ರಯೋಗ ನಡೆಯಿತು. ಕೂಡಲೇ ಕೆನಡಾ ದೇಶವು ತನ್ನ ನೆರವನ್ನು ನಿಲ್ಲಿಸಿತು. ರಾಜಸ್ಥಾನದಲ್ಲಿ ಆ ದೇಶದ ಸಹಾಯದಿಂದ ಕಟ್ಟುತ್ತಿದ್ದ ಎರಡನೆಯ ಘಟಕ ಅರ್ಧಕ್ಕೆ ನಿಂತಿತು. ನಮ್ಮ ಹಳ್ಳಿಯಲ್ಲಿ ಮೇಸ್ತ್ರಿ ಅರ್ಧ ಗೋಡೆ ಏರಿಸಿ, ಕರಣೆಯನ್ನೂ ತೂಕದ ಗುಂಡನ್ನೂ ಎತ್ತಿಕೊಂಡು ಹೋದರೆ ಮನೆಯವರ ಗತಿ ಏನಾಗಬಹುದೋ ಅದೇ ಗತಿ. ಆದರೆ ಆ ಘಟಕ 1981ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿತು. 1983ರಲ್ಲಿ ಕಲ್ಪಾಕ್ಕಂನ ಮೊದಲ ಘಟಕವನ್ನು ನಮ್ಮವರೇ ನಿರ್ಮಿಸಿ ನಡೆಸಿ ತೋರಿಸಿದರು. ಇದು ಸಾಧ್ಯವಾದುದು ಹೇಗೆ? ಅಪ್ಸರಾದ ಕಾಲದಿಂದ ಪೈಪು, ಪಂಪು, ಭಾರಜಲ, ಇಂಧನ ಎಂದು ಒಂದೊಂದನ್ನೂ ಕೈಯಾರೆ ಮುಟ್ಟಿ ಕಲಿತಿದ್ದ ಜನ ಅಲ್ಲೇ ಇದ್ದರು. ವರ್ಗವಾಗಿ ಬೇರೆ ಇಲಾಖೆಗೆ ಹೋಗಿರಲಿಲ್ಲ. ತಮ್ಮ ತಪ್ಪುಗಳನ್ನೂ ಅವರು ತಾವೇ ನೆನಪಿಟ್ಟುಕೊಂಡಿದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೇಷ್ಟರ ಧರ್ಮವಲ್ಲ.

1989ನೆಯ ಇಸವಿ. ಉತ್ತರ ಕನ್ನಡದ ಕೈಗಾದಲ್ಲಿ ಕಾಳಿ ನದಿಯ ದಂಡೆಯ ಕಾಡಿನ ನಡುವೆ ಅಣುಸ್ಥಾವರದ ಕೆಲಸ ಆರಂಭವಾಗಿತ್ತು. ಶಿವರಾಮ ಕಾರಂತರು ಅದನ್ನು ವಿರೋಧಿಸಿ ಊರೂರು ಸುತ್ತುತ್ತಿದ್ದರು. ಎಂಬತ್ತೇಳರ ಆ ವೃದ್ಧರು ಅದೇ ವಿಷಯವನ್ನು ಮುಂದಿಟ್ಟುಕೊಂಡು ಆ ವರ್ಷದ ಲೋಕಸಭಾ ಚುನಾವಣೆಗೆ ನಿಂತು ಸೋತರು. ನಾನಾಗ ಎಳೆಯ ಮೇಷ್ಟ್ರು. ನಮ್ಮ ಶಾಲೆಯಲ್ಲಿ ‘ಕೈಗಾ ಬೇಕೆ? ಬೇಡವೆ?’ ಎಂಬ ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದೆವು. ಎರಡೂ ಕಡೆಯವರಿಗೆ ಭಾಷಣ ಬರೆದುಕೊಟ್ಟವನು ನಾನೇ. ‘ಬೇಕು’ ಎಂಬ ಪಕ್ಷಕ್ಕೆ ಆ ತೂಕಡಿಸುವ ಹುಡುಗನನ್ನೇ ನಿಲ್ಲಿಸಿದೆ. ನಾನು ಬರೆದುಕೊಟ್ಟದ್ದನ್ನೆಲ್ಲ ಅವನು ಮರೆತ. ಹಗಲು ಹೊತ್ತು ಮೋಟರಿಗೆ ಕರೆಂಟು ಸಿಗುವುದಾದರೆ ಯಾವ ಸ್ಥಾವರವಾದರೂ ಬರಲಿ ಎಂದು ಮಾತ್ರ ಹೇಳಿ ಕುಳಿತ. ‘ಬೇಡ’ ಎಂಬ ಪಕ್ಷದಲ್ಲಿದ್ದ ಒಬ್ಬಳು ಹುಡುಗಿ ಎದ್ದು, ಕಾಡಿನೊಳಗಿನವರ ಮನೆಬಾಗಿಲಿಗೆ ಅದನ್ನು ಕಟ್ಟುವ ಮೊದಲು ಅವರನ್ನು ಯಾರಾದರೂ ಕೇಳಿದ್ದಾರೆಯೇ ಎಂದಳು. ತೀರ್ಪುಗಾರರಾಗಿದ್ದ ಹಿರಿಯ ಸಹೋದ್ಯೋಗಿಗಳು ಬಹುಮಾನವನ್ನು ಇಬ್ಬರಿಗೂ ಹಂಚಿದರು. ಇಂದಿಗೂ ನನಗೆ ಅದೇ ಸರಿಯಾದ ತೀರ್ಪೆಂದು ತೋರುತ್ತದೆ.

ಆಗ ಆಯೋಗದ ಅಧ್ಯಕ್ಷರಾಗಿದ್ದವರು ಶ್ರೀನಿವಾಸನ್ ಅವರು. ಅವರ ದೃಷ್ಟಿಯಲ್ಲಿ ಅಣುಶಕ್ತಿಯಿಲ್ಲದೆ ಈ ದೇಶದ ವಿದ್ಯುತ್ ಬಡತನ ನೀಗುವಂತಿರಲಿಲ್ಲ. ಆ ನಂಬಿಕೆ ಪ್ರಾಮಾಣಿಕವಾದುದು. ಆದರೆ ಅವರು ಬೆಳೆದ ಇಲಾಖೆ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದ ಇಲಾಖೆ. 1962ರ ಪರಮಾಣು ಶಕ್ತಿ ಕಾಯಿದೆ ಅದಕ್ಕೆ ಗುಟ್ಟನ್ನು ಕಾಯುವ ಹಕ್ಕು ಕೊಟ್ಟಿತ್ತು. ಸುರಕ್ಷತೆಯನ್ನು ನೋಡಿಕೊಳ್ಳಲೆಂದು 1983ರಲ್ಲಿ ನಿಯಂತ್ರಣ ಮಂಡಳಿಯೊಂದು ಹುಟ್ಟಿತಾದರೂ ಅದು ವರದಿ ಒಪ್ಪಿಸಬೇಕಾಗಿದ್ದುದು ಸ್ಥಾವರ ಕಟ್ಟಿಸುವ ಅದೇ ಆಯೋಗಕ್ಕೆ. ಉತ್ತರಪತ್ರಿಕೆ ಬರೆದವನ ಮನೆಯಲ್ಲೇ ಮೌಲ್ಯಮಾಪನ ನಡೆದಂತೆ! ವಿದ್ಯಾರ್ಥಿ ಎಷ್ಟೇ ಪ್ರಾಮಾಣಿಕನಾಗಿರಲಿ, ಊರವರು ನಂಬುವುದು ಕಷ್ಟ.

1994ರ ಮೇ ತಿಂಗಳಲ್ಲಿ ಕೈಗಾದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ನಿರ್ಮಾಣದ ಹಂತದಲ್ಲೇ ಕಳಚಿ ಬಿದ್ದಿತು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವಾಗಲಿಲ್ಲ. ಶ್ರೀನಿವಾಸನ್ ಅವರು ಆ ವೇಳೆಗೆ ಹುದ್ದೆಯಲ್ಲಿ ಇರಲಿಲ್ಲ. ಗುಮ್ಮಟದ ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಲಾಯಿತು. 2000ನೆಯ ಇಸವಿಯಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದೇ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆಯನ್ನೂ ಬರೆಯಿತು. ಬಿದ್ದದ್ದೂ ನಿಜ, ಎದ್ದು ನಿಂತದ್ದೂ ನಿಜ.

ಸಂಖ್ಯೆಗಳ ವಿಷಯದಲ್ಲೂ ಹೀಗೆಯೇ. ಎಂಬತ್ತರ ದಶಕದಲ್ಲಿ ಇಲಾಖೆ ಹಾಕಿಕೊಂಡ ಗುರಿ 2000ನೆಯ ಇಸವಿಯ ಹೊತ್ತಿಗೆ 10,000 ಮೆಗಾವಾಟ್ ಅಣುವಿದ್ಯುತ್. ಆ ವರ್ಷ ಮುಗಿದಾಗ ಇದ್ದದ್ದು 2,720 ಮೆಗಾವಾಟ್. ನೂರಕ್ಕೆ ಇಪ್ಪತ್ತೇಳು ಅಂಕ. ನಮ್ಮ ಲೆಕ್ಕದಲ್ಲಿ ನಪಾಸು. ಹೊರದೇಶಗಳ ನಿರ್ಬಂಧ, ತೊಂಬತ್ತರ ದಶಕದಲ್ಲಿ ಕೈಬಿಟ್ಟ ಸರ್ಕಾರದ ಹಣ, ಕಟ್ಟುವಿಕೆಯಲ್ಲಿ ಆದ ವಿಳಂಬ, ಎಲ್ಲವೂ ಇದಕ್ಕೆ ಕಾರಣ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಈ ಸೋಲಿಗೂ ಆ ಗೆಲುವಿಗೂ ಎದುರು ನಿಲ್ಲಿಸಿ ಪ್ರಶ್ನಿಸಲು ಹೆಸರಿರುವ ಒಬ್ಬ ವ್ಯಕ್ತಿ ಇದ್ದರು. ನಿವೃತ್ತಿಯಾದ ಮೇಲೆ ಅವರು ಮರೆಯಾಗಲಿಲ್ಲ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಸಂಸ್ಥೆಯಲ್ಲಿ ಎರಡು ವರ್ಷ ಸಲಹೆಗಾರರಾಗಿದ್ದು ಬಂದರು. 2002ರಲ್ಲಿ ‘ಫ್ರಮ್ ಫಿಷನ್ ಟು ಫ್ಯೂಷನ್’ ಎಂಬ ಪುಸ್ತಕದಲ್ಲಿ ಇಡೀ ಕಥೆಯನ್ನು ತಮ್ಮ ಹೆಸರು ಹಾಕಿ ಬರೆದರು. 2006ರಲ್ಲಿ ಅಮೆರಿಕದೊಡನೆ ಅಣು ಒಪ್ಪಂದದ ಮಾತುಕತೆ ನಡೆದಿದ್ದಾಗ ಎಚ್ಚರಿಕೆ ಹೇಳಿ ಸಂಸತ್ ಸದಸ್ಯರಿಗೆ ಮನವಿ ಬರೆದ ಹಿರಿಯ ಅಣುವಿಜ್ಞಾನಿಗಳಲ್ಲಿ ಅವರೂ ಒಬ್ಬರು. ಪತ್ರಿಕೆಗಳಿಗೆ ಲೇಖನ ಬರೆದರು, ಟೀಕೆಗಳಿಗೆ ಉತ್ತರ ಕೊಟ್ಟರು. 2002ರಿಂದ 2004ರವರೆಗೆ ಕರ್ನಾಟಕದ ಉನ್ನತ ಶಿಕ್ಷಣ ಕಾರ್ಯಪಡೆಯ ಅಧ್ಯಕ್ಷರೂ ಆಗಿದ್ದರು. ಅವರನ್ನು ಒಪ್ಪದವರಿಗೂ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು. ನನ್ನ ಶಿಷ್ಯ ಕೇಳಿದ ‘ಯಾರು?’ ಎಂಬ ಪ್ರಶ್ನೆಗೆ ಕನಿಷ್ಠಪಕ್ಷ ಈ ಒಂದು ಕ್ಷೇತ್ರದಲ್ಲಾದರೂ ಉತ್ತರವಿತ್ತು.

1996ರಿಂದ 1998ರವರೆಗೆ ಅವರು ಯೋಜನಾ ಆಯೋಗದ ಸದಸ್ಯರಾಗಿದ್ದರು. ಅವರ ಹೊಣೆ ಅಣುಶಕ್ತಿಗೆ ಮಾತ್ರ ಸೀಮಿತವಾಗಿರದೆ ಒಟ್ಟು ಇಂಧನ ಕ್ಷೇತ್ರಕ್ಕೂ ವಿಜ್ಞಾನ ತಂತ್ರಜ್ಞಾನಕ್ಕೂ ವಿಸ್ತರಿಸಿತ್ತು. ಆ ಕಾಲದಲ್ಲೇ, 1996ರ ಡಿಸೆಂಬರಿನಲ್ಲಿ, ಮುಖ್ಯಮಂತ್ರಿಗಳೆಲ್ಲ ಸೇರಿ ವಿದ್ಯುತ್ತಿಗೊಂದು ಕನಿಷ್ಠ ಸಾಮಾನ್ಯ ರಾಷ್ಟ್ರೀಯ ಕಾರ್ಯಯೋಜನೆಯನ್ನು ಒಪ್ಪಿದರು. ಪ್ರತಿ ರಾಜ್ಯಕ್ಕೂ ವಿದ್ಯುತ್ ನಿಯಂತ್ರಣ ಆಯೋಗ, ಕೃಷಿಗೆ ಯೂನಿಟ್ಟಿಗೆ 50 ಪೈಸೆಗಿಂತ ಕಡಿಮೆಯಿಲ್ಲದ ದರ ಎಂಬುವು ಅದರಲ್ಲಿದ್ದ ಅಂಶಗಳು. ಮೊದಲನೆಯದು ಆಯಿತು, ಎರಡನೆಯದು ಚುನಾವಣೆಗಳ ಗಾಳಿಯಲ್ಲಿ ಹಾರಿಹೋಯಿತು. ಅಧಿಕಾರಿ ಎಷ್ಟೇ ಬಲ್ಲವನಾದರೂ ಕೊನೆಯ ಸಹಿ ರಾಜಕಾರಣಿಯದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೂ ಕಲ್ಲಿದ್ದಲು, ತೈಲ, ನೀರು, ಗಾಳಿ, ಅಣು ಎಲ್ಲವನ್ನೂ ಒಂದೇ ಮೇಜಿನ ಮೇಲಿಟ್ಟು ತೂಗಿ ನೋಡುವ ಒಂದು ಪೀಠ ಆಗ ಇತ್ತು. 2015ರ ಜನವರಿಯಲ್ಲಿ ಯೋಜನಾ ಆಯೋಗದ ಸ್ಥಾನಕ್ಕೆ ನೀತಿ ಆಯೋಗ ಬಂದಿತು. ಅದು ಸಲಹೆ ಕೊಡಬಲ್ಲುದು, ಆದರೆ ರಾಜ್ಯಗಳಿಗೆ ಹಣ ಹಂಚುವ ಅಧಿಕಾರ ಅದಕ್ಕಿಲ್ಲ. ವಿದ್ಯುತ್ತಿಗೆ, ಕಲ್ಲಿದ್ದಲಿಗೆ, ಪೆಟ್ರೋಲಿಯಮ್ಮಿಗೆ, ನವೀಕರಿಸಬಹುದಾದ ಶಕ್ತಿಗೆ ಬೇರೆ ಬೇರೆ ಸಚಿವಾಲಯಗಳು, ಅಣುವಿಗೆ ಪ್ರತ್ಯೇಕ ಇಲಾಖೆ. ಬಹುತೇಕ ಸಚಿವಾಲಯಗಳ ಕಾರ್ಯದರ್ಶಿಗಳು ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಒಬ್ಬ ಅಧಿಕಾರಿ ಕಡತದ ಭಾಷೆಯನ್ನು ಕಲಿಯುವ ಹೊತ್ತಿಗೆ ವರ್ಗಾವಣೆ, ಇಲ್ಲವೇ ನಿವೃತ್ತಿ. ಇದು ಅವರ ತಪ್ಪಲ್ಲ. ನಾವು ಮಾಡಿಕೊಂಡಿರುವ ಪದ್ಧತಿಯ ತಪ್ಪು.

ಇದರಿಂದ ಏನಾಗುತ್ತದೆ ಎಂಬುದನ್ನು ನೋಡಲು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಪಾವಗಡಕ್ಕೆ ಹೋದರೆ ಸಾಕು.

ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಇಂದು ಸೌರವಿದ್ಯುತ್ ಉದ್ಯಾನ ಹರಡಿಕೊಂಡಿದೆ. ‘ಶಕ್ತಿಸ್ಥಳ’ ಎಂದು ಅದರ ಹೆಸರು. ಇದಕ್ಕಾಗಿ 2015ರಲ್ಲಿ ಕೇಂದ್ರ ಮತ್ತು ರಾಜ್ಯಗಳು ಕೂಡಿ ಒಂದು ನಿಗಮವನ್ನು ಸ್ಥಾಪಿಸಿದವು. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, 2019ರ ಕೊನೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಪೂರ್ಣಗೊಂಡಿತು. ಕೈಗಾದ ನಾಲ್ಕೂ ಘಟಕಗಳು ಸೇರಿದರೆ 880 ಮೆಗಾವಾಟ್. ಸೂರ್ಯನು ಹಗಲಿನಲ್ಲಿ ಮಾತ್ರ ದುಡಿಯುವುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ಕಡಲೆಕಾಯಿ ಬಿತ್ತಿ ಬರಗಾಲವನ್ನು ಕೊಯ್ಯುತ್ತಿದ್ದ ನೆಲಕ್ಕೆ ಇದು ಸಣ್ಣ ಸಂಗತಿಯಲ್ಲ. ಭೂಮಿಯನ್ನು ಕಿತ್ತುಕೊಳ್ಳದೆ, ಒಡೆತನವನ್ನು ರೈತರಲ್ಲೇ ಉಳಿಸಿ, 28 ವರ್ಷದ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ವಿಚಾರ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಬರಲಿ ಬಿಡಲಿ, ಹಣ ಬರುತ್ತದೆ.

2022ರಲ್ಲಿ ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆಂದು ಆ ಕಡೆ ಹೋಗಿದ್ದೆ. ಕರೆದವನು ಬೇರೆ ಯಾರೂ ಅಲ್ಲ, ತೂಕಡಿಸುತ್ತಿದ್ದ ಅದೇ ಹುಡುಗ. ಈಗ ತಲೆ ನರೆತಿದೆ. ಹೆಂಡತಿಯ ಕಡೆಯಿಂದ ಬಂದ ಆರು ಎಕರೆಯನ್ನು ಗುತ್ತಿಗೆಗೆ ಕೊಟ್ಟು ನೆಮ್ಮದಿಯಾಗಿದ್ದಾನೆ. ‘ಇನ್ನು ರಾತ್ರಿ ಮೋಟ್ರು ಹಾಕೋ ಕೆಲಸ ಇಲ್ಲ ಬಿಡಿ ಸಾ’ ಎಂದು ನಕ್ಕ. ಊಟವಾದ ಮೇಲೆ ಕಾಗದ ತರಿಸಿ ಲೆಕ್ಕ ಹಾಕಿದೆವು. ಆರು ಎಕರೆಗೆ ಮೊದಲ ವರ್ಷ 1,26,000 ರೂಪಾಯಿ. ಸರಿ. ಏರಿದ ಮೊತ್ತದ ಮೇಲೆಯೇ ಮುಂದಿನ ಏರಿಕೆ ಎಂದು ಹಿಡಿದರೂ, ಇಪ್ಪತ್ತು ವರ್ಷ ಕಳೆದಾಗ ಎಕರೆಯ ಗುತ್ತಿಗೆ 34,000 ರೂಪಾಯಿಯ ಸಮೀಪಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕು ಬೆಲೆಯೇರಿಕೆಗೆ ತಾನೇ ಇಟ್ಟುಕೊಂಡಿರುವ ಗುರಿ ವರ್ಷಕ್ಕೆ ಶೇ. 4. ಬೆಲೆಗಳು ಅಷ್ಟೇ ಏರಿದರೂ, ಇಂದಿನ 21,000ಕ್ಕೆ ಸಿಗುವ ಸಾಮಾನಿಗೆ ಇಪ್ಪತ್ತು ವರ್ಷದ ನಂತರ 46,000 ಬೇಕು. ಅಂದರೆ ಗುತ್ತಿಗೆಯ ಹಣ ಕಾಗದದಲ್ಲಿ ಬೆಳೆಯುತ್ತ ಸಂತೆಯಲ್ಲಿ ಕುಗ್ಗುತ್ತದೆ. ಹತ್ತನೆಯ ತರಗತಿಯ ಚಕ್ರಬಡ್ಡಿಯ ಲೆಕ್ಕವಿದು. ಆ ಶೇ. 5ನ್ನು ಬರೆದ ಮೇಜಿನ ಮೇಲೆ ಈ ಲೆಕ್ಕವನ್ನು ಯಾರಾದರೂ ಹಾಕಿದ್ದರೇ?

ಅಲ್ಲಿಯೇ ಪಾತ್ರೆ ತೊಳೆಯಲು ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ನಮ್ಮ ಲೆಕ್ಕವನ್ನು ಕೇಳುತ್ತ ನಿಂತಿದ್ದರು. ತೆಲುಗು ಬೆರೆತ ಕನ್ನಡದಲ್ಲಿ, ‘ನಮ್ದು ಯಾವ ಲೆಕ್ಕದಾಗೆ ಬರ್ತೈತಿ ಸಾಮಿ?’ ಎಂದರು. ಅವರಿಗೆ ಜಮೀನಿಲ್ಲ. ಇದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದವರು. ಜಮೀನಿದ್ದವರಿಗೆ ಗುತ್ತಿಗೆ ಬಂತು, ಅವರ ಕೂಲಿ ಹೋಯಿತು. ಕುರಿ ಮೇಯಿಸುವವರದೂ ಇದೇ ಕಥೆ, ಬೇಲಿಯೊಳಗೆ ಹುಲ್ಲಿದ್ದರೂ ಕುರಿಗೆ ದಾರಿಯಿಲ್ಲ. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಸಿಕ್ಕಿವೆ, ಎಲ್ಲರಿಗೂ ಅಲ್ಲ. ಆ ಅಜ್ಜಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಇಲ್ಲಿಗೆ ನನ್ನ ಮಾತಿನ ತಿರುಳು. ಪಾವಗಡದ ಕರಾರಿನ ಆಯಸ್ಸು 28 ವರ್ಷ. ಅಣುಸ್ಥಾವರದ ಆಯಸ್ಸು ನಲವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಣೆಕಟ್ಟಿನದು ಶತಮಾನ. ಇವುಗಳ ಬಗ್ಗೆ ತೀರ್ಮಾನಿಸುವ ಅಧಿಕಾರಿಯ ಅವಧಿ ಮಾತ್ರ ಎರಡು ಮೂರು ವರ್ಷ. ಕರಾರು ಮುಗಿಯುವ 2040ರ ದಶಕದಲ್ಲಿ, ‘ಈ ನೆಲವನ್ನು ಮೊದಲಿನಂತೆ ಮಾಡಿಕೊಡಿ, ಹಳೆಯ ಫಲಕಗಳನ್ನು ಎತ್ತಿಕೊಂಡು ಹೋಗಿ’ ಎಂದು ನನ್ನ ಶಿಷ್ಯನ ಮಕ್ಕಳು ಕೇಳಲು ಹೋದರೆ ಆ ಕಚೇರಿಯಲ್ಲಿ ಈ ಕಥೆ ಗೊತ್ತಿರುವವರು ಯಾರಾದರೂ ಇರುತ್ತಾರೆಯೆ? ಶ್ರೀನಿವಾಸನ್ ಅವರ ವೃತ್ತಿಜೀವನ ನಮಗೆ ಕೊಡುವ ಮೊದಲ ಪಾಠ ಇದು: ದೀರ್ಘಕಾಲದ ಕೆಲಸಕ್ಕೆ ದೀರ್ಘಕಾಲದ ನೆನಪು ಬೇಕು.

ಎರಡನೆಯ ಪಾಠ ಅವರ ಇಲಾಖೆಯ ಕೊರತೆಯಿಂದ ಬರುತ್ತದೆ. ಒಳಗಿನವರ ನೆನಪಷ್ಟೇ ಸಾಲದು, ಹೊರಗಿನವರ ಪ್ರಶ್ನೆಗೂ ಬಾಗಿಲು ತೆರೆದಿರಬೇಕು. ಕಾರಂತರನ್ನು ಚುನಾವಣೆಯಲ್ಲಿ ಸೋಲಿಸಬಹುದು, ಅವರ ಪ್ರಶ್ನೆಯನ್ನು ಸೋಲಿಸಲಾಗದು. ‘ಅವರನ್ನು ಕೇಳಿದ್ದಾರೆಯೇ?’ ಎಂದು ನಮ್ಮ ಶಾಲೆಯ ಹುಡುಗಿ ಅಂದು ಕೇಳಿದ್ದು, ‘ನಮ್ದು ಯಾವ ಲೆಕ್ಕ?’ ಎಂದು ತಿರುಮಣಿಯ ಕಡೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ನಡುವೆ ಮೂವತ್ತಮೂರು ವರ್ಷ ಕಳೆದಿದೆ, ಅಣು ಹೋಗಿ ಸೂರ್ಯ ಬಂದಿದ್ದಾನೆ, ಅಷ್ಟೇ ವ್ಯತ್ಯಾಸ.

ಇದು ಈಗ ಇನ್ನೂ ತುರ್ತಿನ ವಿಷಯ. 2025ರ ಕೇಂದ್ರ ಮುಂಗಡಪತ್ರದಲ್ಲಿ 2047ರ ಹೊತ್ತಿಗೆ 100 ಗಿಗಾವಾಟ್, ಅಂದರೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ತಿನ ಗುರಿಯನ್ನು ಘೋಷಿಸಲಾಗಿದೆ. ಆ ಘೋಷಣೆಯ ಕಾಲಕ್ಕೆ ನಮ್ಮಲ್ಲಿದ್ದುದು ಒಂಬತ್ತು ಸಾವಿರ ಮೆಗಾವಾಟ್‌ಗೂ ಕಡಿಮೆ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಿ 1962ರ ಕಾಯಿದೆಯ ಯುಗವನ್ನು ಮುಗಿಸಿತು. ಖಾಸಗಿಯವರಿಗೂ ಈ ಕ್ಷೇತ್ರದ ಬಾಗಿಲು ತೆರೆದಿದೆ. ತೆರೆಯಲಿ, ಬೇಡವೆನ್ನಲು ನಾನು ಪಂಡಿತನಲ್ಲ. ಆದರೆ 10,000ದ ಗುರಿಗೆ 2,720 ಅಂಕ ಪಡೆದ ಹಳೆಯ ಪರೀಕ್ಷೆಯನ್ನು ನೆನಪಿಸಿಕೊಳ್ಳುವವರು ಆ ಕೋಣೆಯಲ್ಲಿ ಇರಬೇಕು. ಯಾವ ಊರಿನ ಪಕ್ಕದಲ್ಲಿ ಸ್ಥಾವರ ಬರುತ್ತದೆಯೋ ಆ ಊರಿನವರೂ ಇರಬೇಕು.

ನಾನು ಕೇಳುವುದು ಮೂರೇ ಮೂರು. ಇಂಧನ ಖಾತೆಯ ಹಿರಿಯ ಅಧಿಕಾರಿಗೆ ಕನಿಷ್ಠ ಐದಾರು ವರ್ಷದ ನಿಶ್ಚಿತ ಅವಧಿ ಇರಲಿ. ಅವನ ಕೈಕೆಳಗೆ ಅದೇ ಕ್ಷೇತ್ರದಲ್ಲಿ ಕಲಿತು ಬೆಳೆದವರ ಒಂದು ಸ್ಥಿರ ಪಡೆ ಇರಲಿ. ಎರಡನೆಯದಾಗಿ, ಪಾವಗಡದಂಥ ದೀರ್ಘ ಕರಾರುಗಳನ್ನು ಐದು ವರ್ಷಕ್ಕೊಮ್ಮೆ ಊರವರ ಎದುರು, ಊರವರ ಭಾಷೆಯಲ್ಲಿ ಓದಿ, ದರವನ್ನು ಪುನರ್ವಿಮರ್ಶೆ ಮಾಡಲಿ. ಆ ಸಭೆಯಲ್ಲಿ ಜಮೀನಿಲ್ಲದವರಿಗೂ ಒಂದು ಕುರ್ಚಿ ಇರಲಿ. ಮೂರನೆಯದಾಗಿ, ಸಹಿ ಮಾಡಿದ ಅಧಿಕಾರಿ ನಿವೃತ್ತಿಯ ನಂತರವೂ ತಾನು ಮಾಡಿದ್ದರ ಬಗ್ಗೆ ಬರೆಯಲಿ, ಮಾತಾಡಲಿ. ಶ್ರೀನಿವಾಸನ್ ಅವರು ತೊಂಬತ್ತು ದಾಟಿದವರೆಗೂ ಬದುಕಿದ್ದು ದೊಡ್ಡದಲ್ಲ, ನಿವೃತ್ತಿಯ ನಂತರವೂ ತಮ್ಮ ಕೆಲಸಕ್ಕೆ ಉತ್ತರ ಕೊಡುತ್ತಲೇ ಇದ್ದುದು ದೊಡ್ಡದು.

ಸರ್ಕಾರ ಅವರಿಗೆ 1984ರಲ್ಲಿ ಪದ್ಮಶ್ರೀ, 1990ರಲ್ಲಿ ಪದ್ಮಭೂಷಣ, 2015ರಲ್ಲಿ ಪದ್ಮವಿಭೂಷಣವನ್ನು ಕೊಟ್ಟು ಗೌರವಿಸಿತು. ನಮ್ಮ ಶಾಲೆಗಳು ಮಾಡಬಹುದಾದ ಗೌರವ ಬೇರೆ. ಈಗ ಪಾಠ ಹೇಳುತ್ತಿರುವ ನನ್ನ ಕಿರಿಯ ಮಿತ್ರರಲ್ಲಿ ಒಂದು ವಿನಂತಿ. ‘ಶಕ್ತಿಯ ಮೂಲಗಳು’ ಪಾಠ ಮಾಡುವ ದಿನ ಕಲ್ಲಿದ್ದಲು, ನೀರು, ಅಣು, ಸೂರ್ಯ ಎಂದು ಪಟ್ಟಿ ಬರೆಸಿ ಮುಗಿಸಬೇಡಿ. ಇದನ್ನೆಲ್ಲ ತೀರ್ಮಾನಿಸುವವರು ಯಾರು, ಅವರು ಎಲ್ಲಿ ಓದಿದರು, ಏನು ಸಾಧಿಸಿದರು, ಎಲ್ಲಿ ಎಡವಿದರು ಎಂಬುದನ್ನೂ ಹೇಳಿ. ಆಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿ ಚರ್ಚೆಗೆ ಬಿಡಿ. ಭಾಷಣವನ್ನು ಮಾತ್ರ ನನ್ನ ಹಾಗೆ ನೀವೇ ಬರೆದುಕೊಡಬೇಡಿ.

ಇದನ್ನು ಬೆರಳಚ್ಚಿಸುವ ನಡುವೆ ಎರಡು ಸಲ ಕರೆಂಟು ಹೋಗಿ ಬಂತು. ನನ್ನ ಮನೆಯಾಕೆ ‘ಸಾಕು, ಮಲಗಿ’ ಎನ್ನುತ್ತಿದ್ದಾರೆ. ಮತ್ತೆ ಭೇಟಿಯಾಗೋಣ.